ಐರ್ಲೆಂಡಿನ ಊರು ಬೇಕಾದರೆ ಮೊದಲು ಲಿವರ್‌ಪೂಲ್ ಜಾಲಾಡಿ

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾದ ಮೇಲೆ ಲಿವರ್‌ಪೂಲಿನಲ್ಲೇ ಇದ್ದೇನೆ. ಗಂಡನ ಮನೆಯವರು ಮೂಲದಲ್ಲಿ ಐರಿಶ್ ಕ್ಯಾಥೋಲಿಕರು. ಮಾವನಿಗೆ ಈಗ 79. ತಮ್ಮ ಹಿರಿಯರ ಊರನ್ನು ಒಮ್ಮೆ ನೋಡಿ ಬರಬೇಕು ಅನ್ನುವುದು ಅವರ ಆಸೆ. ನಮಗೆ ಗೊತ್ತಿರುವುದು ಇಷ್ಟೇ. ಮಾವನ ಮುತ್ತಜ್ಜನ ಹೆಸರು ಪ್ಯಾಟ್ರಿಕ್. 1851ರ ಜನಗಣತಿಯಲ್ಲಿ ಲಿವರ್‌ಪೂಲಿನ ವಾಕ್ಸ್‌ಹಾಲ್ ಕಡೆ ಒಂದು ಮನೆಯಲ್ಲಿ ಬಾಡಿಗೆಗೆ ಇದ್ದ. ವಯಸ್ಸು 24, ಹಡಗುಕಟ್ಟೆಯಲ್ಲಿ ಕೂಲಿ ಕೆಲಸ. ಹುಟ್ಟಿದ ಸ್ಥಳ 'ಐರ್ಲೆಂಡ್' ಅಂತಷ್ಟೇ ಬರೆದಿದೆ. 1853ರಲ್ಲಿ ಮದುವೆಯಾದ. ಬರಗಾಲದಲ್ಲಿ ಮೇಯೋ ಕೌಂಟಿಯಿಂದ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಬಂದವನು ಎಂದು ಮನೆಯಲ್ಲಿ ಹೇಳುತ್ತಾರೆ. ಐರ್ಲೆಂಡಿನ ವೆಬ್‌ಸೈಟುಗಳಲ್ಲಿ ಹುಡುಕಿದರೆ ಅದೇ ಹೆಸರಿನವರು ರಾಶಿ ರಾಶಿ ಸಿಗುತ್ತಾರೆ. ಹಡಗಿನ ಪಟ್ಟಿಯಂತೂ ಸಿಗಲೇ ಇಲ್ಲ. ದಾಖಲೆಯೆಲ್ಲ 1922ರಲ್ಲಿ ಸುಟ್ಟುಹೋಗಿದೆ, ಕೈಬಿಡಿ ಎನ್ನುತ್ತಾರೆ ಪರಿಚಯದವರು. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಊರು ಗೊತ್ತಾಗುತ್ತದಾ? ಇದರಿಂದ ನನ್ನ ಮಗಳಿಗೆ ಐರಿಶ್ ಪಾಸ್‌ಪೋರ್ಟ್ ಸಿಗಬಹುದಾ?

ಉತ್ತರ: ಕೈಬಿಡಬೇಡಿ. ನಿಮ್ಮ ಹತ್ತಿರ ಹೆಸರಿದೆ, ವಯಸ್ಸಿದೆ, ಮದುವೆಯ ವರ್ಷವಿದೆ. ಇಷ್ಟೂ ಇಲ್ಲದೆ ಹೊರಟವರಿಗೆ ಊರು ಸಿಕ್ಕಿದ್ದನ್ನು ಈ ಕೆಲಸದಲ್ಲಿ ನೋಡಿದ್ದೇನೆ. ನಿಮಗೆ ತೊಡಕಾಗಿರುವುದು ದಾಖಲೆ ಇಲ್ಲದ್ದರಿಂದಲ್ಲ. ಐರ್ಲೆಂಡಿಗೆ ತುಸು ಬೇಗ ಹೋಗಿಬಿಟ್ಟಿದ್ದೀರಿ, ಅಷ್ಟೇ. ಪ್ಯಾಟ್ರಿಕ್ ಯಾವ ಊರಿನವನು ಎಂಬುದು ಐರ್ಲೆಂಡಿನ ಪುಸ್ತಕಕ್ಕಿಂತ ಲಿವರ್‌ಪೂಲಿನ ಪುಸ್ತಕದಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಅವನು ಇಂಗ್ಲೆಂಡಿನಲ್ಲಿ ಬಿಟ್ಟುಹೋದ ಒಂದೊಂದು ಕಾಗದವನ್ನೂ ಓದಿ ಮುಗಿಸುವ ತನಕ ಸಮುದ್ರ ದಾಟಬೇಡಿ.

ಮೊದಲು ಆ ಬೆಂಕಿಯ ವಿಷಯ. 1922ರ ಜೂನ್ 30ರಂದು, ಅಂತರ್ಯುದ್ಧ ಶುರುವಾದ ಹೊತ್ತಿಗೆ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸರ್ಕಾರಿ ದಾಖಲೆ ಕಚೇರಿ ಸ್ಫೋಟದಲ್ಲಿ ನಾಶವಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು, ಚೂರುಪಾರು ಬಿಟ್ಟರೆ, ಅಲ್ಲೇ ಹೋದವು. ಪ್ರೊಟೆಸ್ಟೆಂಟರ ಚರ್ಚ್ ಆಫ್ ಐರ್ಲೆಂಡಿನ ಅರ್ಧಕ್ಕೂ ಹೆಚ್ಚು ರಿಜಿಸ್ಟರುಗಳು ಹೋದವು. ಉಯಿಲುಗಳೂ ಹೋದವು. ಇದು ನಿಜವಾಗಿಯೂ ದೊಡ್ಡ ನಷ್ಟ. 1861ರಿಂದ 1891ರವರೆಗಿನ ಜನಗಣತಿಗೂ ಈ ಬೆಂಕಿಗೂ ಮಾತ್ರ ಸಂಬಂಧವಿಲ್ಲ. 1861, 1871ರ ಹಾಳೆಗಳನ್ನು ಅದಕ್ಕೂ ಎಷ್ಟೋ ಮುಂಚೆ ಸರ್ಕಾರವೇ ನಾಶ ಮಾಡಿಸಿತ್ತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋಗಿದ್ದವು. ಐರ್ಲೆಂಡಿನಲ್ಲಿ ಪೂರ್ತಿಯಾಗಿ ಉಳಿದಿರುವ ಹಳೆಯ ಜನಗಣತಿಗಳೆಂದರೆ 1901 ಮತ್ತು 1911ರವು. ಎರಡೂ ಉಚಿತವಾಗಿ ಆನ್‌ಲೈನ್ ಸಿಗುತ್ತವೆ.

ಇನ್ನು ಸುಡದೆ ಉಳಿದದ್ದನ್ನು ನೋಡಿ. ಕ್ಯಾಥೋಲಿಕ್ ಚರ್ಚಿನ ಪುಸ್ತಕಗಳು ಆ ಕಚೇರಿಯಲ್ಲಿ ಇರಲೇ ಇಲ್ಲ. ಅವು ಆಯಾ ಊರಿನ ಪಾದ್ರಿಗಳ ಹತ್ತಿರ ಇದ್ದವು. ಸುಮಾರು 1880ರವರೆಗಿನ ಪುಟಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಉಚಿತವಾಗಿ ಆನ್‌ಲೈನ್ ಹಾಕಿತು. ಸರ್ಕಾರಿ ಜನನ, ಮರಣ, ಮದುವೆ ನೋಂದಣಿಯೂ ಉಳಿದಿದೆ. ನಿಮ್ಮದು ಕ್ಯಾಥೋಲಿಕ್ ಕುಟುಂಬವಾದ್ದರಿಂದ 1922ರ ಏಟು ನಿಮಗೆ ಅಷ್ಟಾಗಿ ತಟ್ಟಿಲ್ಲ.

ನಿಮಗೆ ತಟ್ಟುವುದು ಬೇರೆಯದು. ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಪ್ಯಾಟ್ರಿಕ್ ಹುಟ್ಟಿದ್ದು 1827ರ ಸುಮಾರಿಗೆ. ಹಾಗಾಗಿ ಅವನ ಜನನ ಪತ್ರ ಎಲ್ಲೂ ಇರಲು ಸಾಧ್ಯವಿಲ್ಲ. ಉಳಿಯುವುದು ಚರ್ಚಿನ ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಂನ, ಪುಸ್ತಕ. ಆದರೆ ಮೇಯೋದಂಥ ಪಶ್ಚಿಮದ ಬಡ ಕೌಂಟಿಗಳಲ್ಲಿ ಎಷ್ಟೋ ಪ್ಯಾರಿಷ್‌ಗಳ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶಗಳ, ಪುಸ್ತಕ ಶುರುವಾಗುವುದೇ 1840ರ ಈಚೆಗೆ. ಅವನ ಜ್ಞಾನಸ್ನಾನದ ಬರಹ ಕೊನೆಗೂ ಸಿಗದೇ ಹೋಗಬಹುದು. ಇದನ್ನು ಮಾವನವರಿಗೆ ಈಗಲೇ ಹೇಳಿಡಿ. ಆದರೂ ಊರು ಸಿಗಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಹಡಗಿನ ಪಟ್ಟಿ ಹುಡುಕುವುದನ್ನು ನಿಲ್ಲಿಸಿ. ಅದು ಕಳೆದುಹೋಗಿಲ್ಲ, ಅಂಥದ್ದನ್ನು ಯಾರೂ ಬರೆದಿಡಲೇ ಇಲ್ಲ. 1801ರಿಂದ 1922ರವರೆಗೆ ಐರ್ಲೆಂಡ್ ಬ್ರಿಟನ್ನಿನ ಭಾಗ. ಡಬ್ಲಿನ್ನಿನಿಂದ ಲಿವರ್‌ಪೂಲಿಗೆ ಬರುವುದೆಂದರೆ ನಾವು ಹುಬ್ಬಳ್ಳಿಯಲ್ಲಿ ಮುಂಬೈ ಬಸ್ಸು ಹತ್ತಿದ ಹಾಗೆ. ಪಾಸ್‌ಪೋರ್ಟ್ ಇಲ್ಲ, ತಪಾಸಣೆ ಇಲ್ಲ, ಹೆಸರು ಬರೆದುಕೊಳ್ಳುವವರೂ ಇಲ್ಲ. ದನಕರುಗಳ ಜತೆ ಡೆಕ್ಕಿನ ಮೇಲೆ ನಿಂತು ರಾತ್ರಿ ಕಳೆದು ಬೆಳಿಗ್ಗೆ ಇಳಿದವರು ಅವರು. ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಪ್ರಯಾಣಿಕರ ಪಟ್ಟಿಗಳು ಇವೆ ನಿಜ. ಅವು ಅಮೆರಿಕ, ಆಸ್ಟ್ರೇಲಿಯದಂಥ ದೂರದ ಪ್ರಯಾಣದವು. ಆಚೆಯಿಂದ ಬಂದವರದ್ದು 1878ರ ನಂತರದ್ದು, ಇಲ್ಲಿಂದ ಹೋದವರದ್ದು 1890ರ ನಂತರದ್ದು.

'ಬರಗಾಲದಲ್ಲಿ ಬಂದವನು' ಎಂಬ ಮಾತನ್ನೂ ಸ್ವಲ್ಪ ಪರೀಕ್ಷಿಸಿ. 1845ರಲ್ಲಿ ಆಲೂಗಡ್ಡೆಗೆ ಬಿದ್ದ ಆ ರೋಗ ನಮ್ಮ ಹಾಸನದ ರೈತರು ಅಂಗಮಾರಿ ಎನ್ನುತ್ತಾರಲ್ಲ, ಅದೇ. ಆಲೂಗಡ್ಡೆ ಬಿಟ್ಟರೆ ಬೇರೆ ಊಟವೇ ಇಲ್ಲದ ಜನ. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಮಂದಿ ಸತ್ತರು, ಅಷ್ಟೇ ಮಂದಿ ಅಥವಾ ಇನ್ನೂ ಹೆಚ್ಚು ಜನ ದೇಶ ಬಿಟ್ಟರು. 1847 ಒಂದೇ ವರ್ಷ ಲಿವರ್‌ಪೂಲಿನಲ್ಲಿ ಇಳಿದ ಐರಿಶ್ ಜನ ಸುಮಾರು 3 ಲಕ್ಷ. ಅವರಲ್ಲಿ ಬಹಳ ಜನ ಅಮೆರಿಕದ ಹಡಗು ಹತ್ತಿದರು. ಹಣವಿಲ್ಲದವರು ಇಲ್ಲೇ ಉಳಿದರು. ಟೈಫಸ್ ಜ್ವರ ಊರನ್ನೇ ಹಿಂಡಿತು. ಇಷ್ಟೊಂದು ಸಂಕಟ ಕಂಡ ಕಾಲವಾದ್ದರಿಂದ ಪ್ರತಿಯೊಂದು ಮನೆತನದ ಕತೆಯೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಆದರೆ 1841ರ ಹೊತ್ತಿಗೇ ಲಿವರ್‌ಪೂಲಿನಲ್ಲಿ ಸುಮಾರು 50 ಸಾವಿರ ಐರಿಶ್ ಮೂಲದವರಿದ್ದರು. ಸುಗ್ಗಿಗೆ ಬಂದು ಹೋಗುತ್ತಿದ್ದವರು, ಕಾಲುವೆ, ರೈಲುಹಾದಿ ಅಗೆಯಲು ಬಂದವರು, ಕಟ್ಟೆಯ ಕೂಲಿಗಳು. ನಿಮ್ಮ ಪ್ಯಾಟ್ರಿಕ್ 14 ವರ್ಷದ ಹುಡುಗನಾಗಿ ಅಪ್ಪ ಅಮ್ಮನ ಜತೆ ಆಗಲೇ ಇಲ್ಲಿದ್ದಿರಬಹುದು. 1841ರ ಜನಗಣತಿಯನ್ನು ನೋಡದೆ ಬಿಡಬೇಡಿ. ಅದರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರ ಮುಂದೆ 'ಐ' ಎಂಬ ಒಂದೇ ಅಕ್ಷರ ಇರುತ್ತದೆ. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿರುತ್ತಾರೆ. 24 ಇದ್ದವರು 20 ಆಗುತ್ತಾರೆ. ಹೆಸರು ಸರಿಯಿದ್ದು ವಯಸ್ಸು ತಪ್ಪಿದೆ ಎಂದು ಬಿಟ್ಟುಬಿಡುವುದು ಇಲ್ಲೇ.

ಈಗ ನಿಜವಾದ ಕೆಲಸಕ್ಕೆ ಬರೋಣ. 1853ರ ಮದುವೆ ಅಂದಿರಲ್ಲ, ಅದರ ಸರ್ಕಾರಿ ಪ್ರಮಾಣಪತ್ರ ನಿಮ್ಮ ಹತ್ತಿರ ಇರಬಹುದು. ಅದರಲ್ಲಿ ಇಬ್ಬರ ಅಪ್ಪಂದಿರ ಹೆಸರು, ಕಸುಬು ಇರುತ್ತದೆ. ಅಮ್ಮನ ಹೆಸರು ಇರುವುದಿಲ್ಲ. ಅಲ್ಲಿಗೇ ನಿಲ್ಲಬೇಡಿ. ಅದೇ ಮದುವೆಯನ್ನು ಪಾದ್ರಿ ಚರ್ಚಿನ ಪುಸ್ತಕದಲ್ಲಿ ಬೇರೆಯಾಗಿ ಬರೆದಿರುತ್ತಾರೆ. 1850ರ ದಶಕದಿಂದ ಇಂಗ್ಲೆಂಡಿನ ಕ್ಯಾಥೋಲಿಕ್ ಚರ್ಚುಗಳಲ್ಲಿ ಲ್ಯಾಟಿನ್ನಿನಲ್ಲಿ ಅಚ್ಚಾದ ಮದುವೆ ಪುಸ್ತಕಗಳು ಬಳಕೆಗೆ ಬಂದವು. ಪುಟ ತೆರೆದರೆ ಹೀಗಿರುತ್ತದೆ: ಮೇಲೆ ತಾರೀಕು, ಕೆಳಗೆ ವರನ ಹೆಸರು 'ಪ್ಯಾಟ್ರೀಸಿಯಸ್', ಮುಂದೆ 'ಫಿಲಿಯಸ್' ಅಂದರೆ ಇಂಥವರ ಮಗ, ಆಮೇಲೆ ಅಪ್ಪನ ಹೆಸರು, ಅಮ್ಮನ ಹೆಸರು. ಅಮ್ಮನ ಹೆಸರಿನ ಪಕ್ಕದಲ್ಲಿ ಪುಟ್ಟದಾಗಿ 'ಓಲಿಮ್' ಎಂದಿದ್ದರೆ ಅದರ ಮುಂದೆ ಇರುವುದು ಆಕೆಯ ತವರಿನ ಅಡ್ಡಹೆಸರು. ಈ ಒಂದು ಪದಕ್ಕಾಗಿಯೇ ಇಷ್ಟೆಲ್ಲ ಹುಡುಕಾಟ. ಅದೃಷ್ಟ ಚೆನ್ನಾಗಿದ್ದರೆ ಅಂಚಿನಲ್ಲಿ ಐರ್ಲೆಂಡಿನ ಪ್ಯಾರಿಷ್ ಹೆಸರನ್ನೂ ಕೆಲವು ಪಾದ್ರಿಗಳು ಬರೆದಿಟ್ಟಿರುತ್ತಾರೆ. ಲಿವರ್‌ಪೂಲಿನ ಕ್ಯಾಥೋಲಿಕ್ ರಿಜಿಸ್ಟರುಗಳು ಆನ್ಸೆಸ್ಟ್ರಿ ಎಂಬ ವಂಶಾವಳಿ ತಾಣದಲ್ಲಿವೆ. ಲ್ಯಾಂಕಾಶೈರ್ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ತಾಣದಲ್ಲಿ ಎಷ್ಟೋ ಚರ್ಚುಗಳ ಬರಹ ಉಚಿತವಾಗಿಯೇ ಸಿಗುತ್ತದೆ. ಹೆಸರಿನ ಸೂಚಿ ನೋಡಿ ಸುಮ್ಮನಾಗಬೇಡಿ, ಪುಟದ ಚಿತ್ರವನ್ನೇ ತೆರೆದು ನೋಡಿ. ಸೂಚಿ ಮಾಡಿದವರು ಅಂಚಿನ ಬರಹವನ್ನು ಬಿಟ್ಟಿರುತ್ತಾರೆ.

ಚರ್ಚಿನ ಪುಸ್ತಕದಲ್ಲಿ ಸಿಗದಿದ್ದರೆ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಪ್ರೊಟೆಸ್ಟೆಂಟ್, ಚರ್ಚುಗಳನ್ನೂ ನೋಡಿ. ಕ್ಯಾಥೋಲಿಕರಾಗಿದ್ದೂ ಅಲ್ಲಿ ತಾಳಿ ಕಟ್ಟಿದವರು, ಅಂದರೆ ಉಂಗುರ ತೊಡಿಸಿದವರು, ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ಪ್ಯಾಟ್ರಿಕ್‌ನ ಮಕ್ಕಳ ಜ್ಞಾನಸ್ನಾನ. ಒಬ್ಬನದ್ದಲ್ಲ, ನಿಮ್ಮ ಮಾವನ ಅಜ್ಜನದ್ದು ಮಾತ್ರವಲ್ಲ, ಎಲ್ಲ ಮಕ್ಕಳದ್ದು. ಪ್ರತಿಯೊಂದರಲ್ಲೂ ಗಾಡ್‌ಫಾದರ್, ಗಾಡ್‌ಮದರ್, ಅಂದರೆ ಮಗುವಿನ ಪರವಾಗಿ ನಿಂತ ಧರ್ಮ ತಂದೆ, ಧರ್ಮ ತಾಯಿಯ ಹೆಸರಿರುತ್ತದೆ. ಪರವೂರಿಗೆ ಬಂದ ಬಡವರು ಗುರುತು ಪರಿಚಯ ಇಲ್ಲದವರನ್ನು ಈ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಅಣ್ಣ, ತಂಗಿ, ಅತ್ತಿಗೆ, ಊರಿನ ಪಕ್ಕದ ಮನೆಯವರು, ಹೀಗೆ. ಮೂರು ಮಕ್ಕಳ ಜ್ಞಾನಸ್ನಾನಕ್ಕೂ ಒಂದೇ ಅಡ್ಡಹೆಸರಿನವರು ನಿಂತಿದ್ದರೆ ಆ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವ ರೂಢಿ ಐರಿಶ್ ಮನೆಗಳಲ್ಲೂ ಇತ್ತು, ನಮ್ಮಲ್ಲಿ ಅಜ್ಜನ ಹೆಸರಿಡುತ್ತೇವಲ್ವಾ, ಹಾಗೆ. ಸುಳಿವಾಗಿ ಇಟ್ಟುಕೊಳ್ಳಿ, ಪುರಾವೆ ಅಂತ ನಂಬಬೇಡಿ.

1851ರ ಜನಗಣತಿಯ ಅದೇ ಹಾಳೆಯನ್ನು ಇನ್ನೊಮ್ಮೆ ತೆಗೆಯಿರಿ. ಐರ್ಲೆಂಡಿನವರಿಗೆ ದೇಶದ ಹೆಸರು ಬರೆದರೆ ಸಾಕು ಎಂದು ಗಣತಿದಾರರಿಗೆ ಹೇಳಿದ್ದರು. ಹಾಗಾಗಿ ನಿಮಗೆ 'ಐರ್ಲೆಂಡ್' ಅಂತಷ್ಟೇ ಸಿಕ್ಕಿದ್ದು. ಆದರೂ ಕೆಲವರು ಕೌಂಟಿಯನ್ನೂ ಬರೆದಿದ್ದಾರೆ. ಮುಂದಿನ ಪ್ರತಿ ಗಣತಿಯಲ್ಲೂ, 1861, 1871, 1881, ಅವನನ್ನು ಹಿಡಿಯಿರಿ. ಅವನ ಜತೆ ಅದೇ ಮನೆಯಲ್ಲಿದ್ದ ಬೇರೆ ಬಾಡಿಗೆದಾರರನ್ನೂ ಹಿಡಿಯಿರಿ. ಅವನ ತಮ್ಮನೋ ತಂಗಿಯೋ 1911ರವರೆಗೆ ಬದುಕಿದ್ದರೆ ಒಳ್ಳೆಯದು. ಆ ವರ್ಷ ಅರ್ಜಿ ತುಂಬಿದ್ದು ಮನೆಯವರೇ. ಕೌಂಟಿ, ಊರು, ಪ್ಯಾರಿಷ್ ಬರೆಯಲು ಕೇಳಿದ್ದರು. ಪ್ಯಾಟ್ರಿಕ್ ಬರೆಯದೇ ಹೋದ ಊರನ್ನು ತಂಗಿಯ ಮನೆಯವರು ಬರೆದಿಟ್ಟಿರುವುದು ಅಪರೂಪವೇನಲ್ಲ.

ಬಡತನದ ದಾಖಲೆಗಳನ್ನು ಜನ ಮರೆಯುತ್ತಾರೆ, ಅಥವಾ ನಾಚಿಕೆಯಿಂದ ನೋಡುವುದೇ ಇಲ್ಲ. ನೋಡಿ. ಆ ಕಾಲದಲ್ಲಿ ಐರ್ಲೆಂಡಿನವನು ಇಂಗ್ಲೆಂಡಿನಲ್ಲಿ ಸರ್ಕಾರಿ ನೆರವು ಕೇಳಿದರೆ ಅವನನ್ನು ಹಡಗು ಹತ್ತಿಸಿ ವಾಪಸ್ ಕಳಿಸುವ ಅಧಿಕಾರ ಇತ್ತು. ಒಂದೇ ಕಡೆ 5 ವರ್ಷ ಇದ್ದವರನ್ನು ಕಳಿಸುವಂತಿಲ್ಲ ಎಂದು 1846ರಲ್ಲಿ ಕಾನೂನು ಬಂತು. 1861ರಲ್ಲಿ ಅದು 3 ವರ್ಷಕ್ಕೆ, 1865ರಲ್ಲಿ 1 ವರ್ಷಕ್ಕೆ ಇಳಿಯಿತು. 1847ರಲ್ಲಿ ಲಿವರ್‌ಪೂಲ್ ಒಂದರಿಂದಲೇ ಸುಮಾರು 15 ಸಾವಿರ ಜನರನ್ನು ವಾಪಸ್ ಕಳಿಸಿದರು. ಹಾಗೆ ಕಳಿಸುವ ಮುಂಚೆ ಎಲ್ಲಿಂದ ಬಂದೆ ಎಂದು ವಿಚಾರಣೆ ಮಾಡಬೇಕಿತ್ತು. ಆ ಕಾಗದ ಉಳಿದ ಕಡೆ ಊರಿನ ಹೆಸರು ಸಿಗುತ್ತದೆ. ಬ್ರೌನ್‌ಲೋ ಹಿಲ್ ವರ್ಕ್‌ಹೌಸಿನ, ಅಂದರೆ ಬಡವರನ್ನು ಇರಿಸುತ್ತಿದ್ದ ಸರ್ಕಾರಿ ಆಶ್ರಯದ, ಪುಸ್ತಕಗಳು, ಜೈಲಿನ ರಿಜಿಸ್ಟರುಗಳು, ಆಸ್ಪತ್ರೆಯವು, ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಲಿವರ್‌ಪೂಲ್ ಸೆಂಟ್ರಲ್ ಲೈಬ್ರರಿಯಲ್ಲಿರುವ ದಾಖಲೆ ಕಚೇರಿಗೆ ನೀವೇ ಹೋಗಿ ಕೇಳಬಹುದು. ನೀವು ಅಲ್ಲೇ ಇರುವುದು ದೊಡ್ಡ ಅನುಕೂಲ.

ಮನೆತನದಲ್ಲಿ ಯಾರಾದರೂ ಸೈನ್ಯ ಸೇರಿದ್ದರೆ ಇನ್ನೂ ಒಳ್ಳೆಯದು. 1830ರಲ್ಲಿ ಬ್ರಿಟಿಷ್ ಸೈನ್ಯದ ಸುಮಾರು 42 ಶೇಕಡ ಐರಿಶರೇ. ಪಿಂಚಣಿ ಪಡೆದ ಸೈನಿಕರ ಕಾಗದಗಳು ಕ್ಯೂನಲ್ಲಿವೆ. ಅವುಗಳಲ್ಲಿ ಹುಟ್ಟಿದ ಪ್ಯಾರಿಷ್, ಹತ್ತಿರದ ಪಟ್ಟಣ ಎರಡೂ ಇರುತ್ತವೆ. ಹೀಗೆ ಬಂದ ಐರಿಶ್ ಸೈನಿಕರು ನಮ್ಮ ಬೆಂಗಳೂರು ದಂಡು ಪ್ರದೇಶದಲ್ಲೂ ಇದ್ದರು. ಅವರ ಮದುವೆ, ಮಕ್ಕಳ ಜ್ಞಾನಸ್ನಾನ, ಸಾವು ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ವರದಿಗಳಲ್ಲಿವೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಅವನ್ನು ಇಟ್ಟಿದ್ದಾರೆ. ಅಮೆರಿಕಕ್ಕೆ ಹೋದ ಅಣ್ಣತಮ್ಮಂದಿರನ್ನೂ ಬಿಡಬೇಡಿ. ಅಲ್ಲಿನ ಸಮಾಧಿ ಕಲ್ಲು, ಪತ್ರಿಕೆಯ ಸಾವಿನ ಸುದ್ದಿ ಇವುಗಳಲ್ಲಿ ಐರ್ಲೆಂಡಿನ ಪ್ಯಾರಿಷ್ ಹೆಸರು ಇಂಗ್ಲೆಂಡಿಗಿಂತ ಹೆಚ್ಚಾಗಿ ಕಾಣುತ್ತದೆ.

ಅಪ್ಪನ ಹೆಸರು, ಅಮ್ಮನ ತವರಿನ ಹೆಸರು ಎರಡೂ ಕೈಗೆ ಬಂದ ಮೇಲೆ ಐರ್ಲೆಂಡಿಗೆ ಹೋಗಿ. ಆಗ ಪ್ಯಾಟ್ರಿಕ್‌ನನ್ನು ಹುಡುಕಬೇಡಿ, ಆ ಜೋಡಿಯನ್ನು ಹುಡುಕಿ. ಪ್ಯಾಟ್ರಿಕ್‌ಗಳು ಸಾವಿರ ಇರಬಹುದು, ಆ ಎರಡು ಹೆಸರಿನ ಗಂಡ ಹೆಂಡತಿ ಒಂದು ಕೌಂಟಿಯಲ್ಲಿ ಒಂದೋ ಎರಡೋ. ಪ್ಯಾಟ್ರಿಕ್ ಹುಟ್ಟಿದಾಗ ಪುಸ್ತಕ ಇರಲಿಲ್ಲವಾದರೂ 1840ರ ದಶಕದಲ್ಲಿ ಹುಟ್ಟಿದ ಅವನ ತಮ್ಮ ತಂಗಿಯರ ಜ್ಞಾನಸ್ನಾನ ಸಿಗಬಹುದು. ಪುಸ್ತಕ ತಡವಾಗಿ ಶುರುವಾದರೂ ಊರು ಸಿಗಬಹುದು ಎಂದೆನಲ್ಲ, ಅದು ಹೀಗೆ. ರೂಟ್ಸ್‌ಐರ್ಲೆಂಡ್ ಎಂಬ ತಾಣದಲ್ಲಿ ಅಪ್ಪ ಅಮ್ಮನ ಹೆಸರಿನಿಂದ ಹುಡುಕುವ ಅನುಕೂಲವಿದೆ. ಅದಕ್ಕೆ ಹಣ ಕಟ್ಟಬೇಕು. ಎರಡೂ ಹೆಸರು ಸಿಗುವ ತನಕ ಕಟ್ಟಬೇಡಿ, ಸಿಕ್ಕಿದ ಮೇಲೆ ಒಂದು ತಿಂಗಳಿಗೆ ಕಟ್ಟಿದರೆ ಸಾಕು. ಹೆಸರಿನ ಹಿಂದಿನ 'ಓ', 'ಮ್ಯಾಕ್' ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಓದು ಬರಹ ಬಾರದವರು ಹೇಳಿದ್ದನ್ನು ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದ. ಎಲ್ಲ ರೀತಿಯಲ್ಲೂ ಹುಡುಕಿ.

ಗ್ರಿಫಿತ್ಸ್ ವ್ಯಾಲ್ಯುಯೇಶನ್ ಎಂಬ ಜಮೀನಿನ ಪಟ್ಟಿಯ ಬಗ್ಗೆ ಒಂದು ಎಚ್ಚರಿಕೆ. 1847ರಿಂದ 1864ರ ನಡುವೆ ಇಡೀ ದೇಶಕ್ಕೆ ಮಾಡಿದ ಪಟ್ಟಿ ಅದು, ಉಚಿತವಾಗಿ ಸಿಗುತ್ತದೆ, ನಕ್ಷೆಯೂ ಇದೆ. ಮೇಯೋದ ಪಟ್ಟಿ 1850ರ ದಶಕದ ಮಧ್ಯದ್ದು. ಆಗ ನಿಮ್ಮ ಪ್ಯಾಟ್ರಿಕ್ ಲಿವರ್‌ಪೂಲಿನಲ್ಲಿ ಮೂಟೆ ಹೊರುತ್ತಿದ್ದ. ಅದರಲ್ಲಿ ಕಾಣುವ ಪ್ಯಾಟ್ರಿಕ್ ಯಾರೇ ಆಗಿರಲಿ, ನಿಮ್ಮವನಲ್ಲ. ಅಲ್ಲಿ ಹುಡುಕಬೇಕಾದ್ದು ಅವನ ಅಪ್ಪನನ್ನು. ಬೇರೆಯವರು ಆನ್‌ಲೈನ್ ಹಾಕಿರುವ ವಂಶವೃಕ್ಷಗಳಲ್ಲಿ ಈ ತಪ್ಪು ತುಂಬಾ ಇದೆ. ಒಬ್ಬರು ಮಾಡಿದ್ದನ್ನು ಮತ್ತೊಬ್ಬರು ನಕಲು ಮಾಡಿ ಅದೇ ಸತ್ಯ ಅನ್ನಿಸಿಬಿಡುತ್ತದೆ. ನೀವು ಮಾತ್ರ ಹಾಗೆ ನಕಲು ಮಾಡಬೇಡಿ.

ನನಗೆ ತುಂಬಾ ಇಷ್ಟವಾದ ದಾಖಲೆಯೊಂದನ್ನು ಹೇಳಲೇಬೇಕು. 1909ರ ಜನವರಿಯಿಂದ 70 ದಾಟಿದವರಿಗೆ ಸರ್ಕಾರ ವೃದ್ಧಾಪ್ಯ ಪಿಂಚಣಿ ಕೊಡತೊಡಗಿತು. ಐರ್ಲೆಂಡಿನ ಮುದುಕರ ಹತ್ತಿರ ಜನನ ಪತ್ರ ಇಲ್ಲ. ಹಾಗಾಗಿ ಅಧಿಕಾರಿಗಳು 1841, 1851ರ ಜನಗಣತಿ ತೆಗೆದು, ಈ ವ್ಯಕ್ತಿ ಆಗ ಮಗುವಾಗಿ ಆ ಮನೆಯಲ್ಲಿ ಇದ್ದನೇ ಎಂದು ನೋಡಿದರು. ಅರ್ಜಿದಾರ ತನ್ನ ಅಪ್ಪ ಅಮ್ಮನ ಹೆಸರು, ಕೌಂಟಿ, ಪ್ಯಾರಿಷ್, ಟೌನ್‌ಲ್ಯಾಂಡ್ ಅಂದರೆ ಹಳ್ಳಿಯ ಹೆಸರು ಕೊಡಬೇಕಿತ್ತು. ಮೂಲ ಜನಗಣತಿ 1922ರಲ್ಲಿ ಹೋಯಿತು. ಈ ಹುಡುಕಾಟದ ಫಾರಂಗಳು ಉಳಿದವು. ಕೆಲವದರಲ್ಲಿ ಇಡೀ ಮನೆಮಂದಿಯ ಹೆಸರನ್ನು ಗುಮಾಸ್ತರು ಪೆನ್ನಿನಲ್ಲಿ ನಕಲು ಮಾಡಿಟ್ಟಿದ್ದಾರೆ. ಐರ್ಲೆಂಡಿನ ರಾಷ್ಟ್ರೀಯ ದಾಖಲೆ ಭಂಡಾರದ ತಾಣದಲ್ಲಿ ಇವು ಉಚಿತ. ಪ್ಯಾಟ್ರಿಕ್‌ನ ತಮ್ಮನೊಬ್ಬ ಊರಲ್ಲೇ ಉಳಿದು ಪಿಂಚಣಿ ಕೇಳಿದ್ದರೆ, ಸುಟ್ಟುಹೋದ ಆ ಹಾಳೆಯಲ್ಲಿ ಪ್ಯಾಟ್ರಿಕ್‌ನ ಮನೆಯೇ ನಿಮಗೆ ಕಾಣಬಹುದು.

ಡಿಎನ್‌ಎ ಪರೀಕ್ಷೆ ಊರಿನ ಹೆಸರು ಹೇಳುವುದಿಲ್ಲ. 'ಇಷ್ಟು ಶೇಕಡ ಐರಿಶ್' ಎಂಬ ಅಂಕಿಯನ್ನು ನೋಡಿ ಮರೆತುಬಿಡಿ. ಉಪಯೋಗಕ್ಕೆ ಬರುವುದು ನಿಮ್ಮ ಜತೆ ಡಿಎನ್‌ಎ ಹೊಂದುವ ದೂರದ ನೆಂಟರ ಪಟ್ಟಿ. ಅವರಲ್ಲಿ ಯಾರದ್ದಾದರೂ ಮೇಯೋದ ಮೂಲ ಖಚಿತವಾಗಿದ್ದರೆ ದಾರಿ ತೆರೆಯುತ್ತದೆ. ಮಾಡಿಸುವುದಾದರೆ ಗಂಡನಿಗಲ್ಲ, ಮಾವನಿಗೆ ಮಾಡಿಸಿ, ಅದೂ ಬೇಗ. ಪ್ಯಾಟ್ರಿಕ್‌ನ ಒಡಹುಟ್ಟಿದವರ ಮರಿಮಕ್ಕಳು ಮಾವನಿಗೆ ಮೂರನೇ ಕಸಿನ್, ಅಂದರೆ ಮುತ್ತಜ್ಜನ ಅಪ್ಪ ಅಮ್ಮ ಇಬ್ಬರಿಗೂ ಒಬ್ಬರೇ. ಮೂರನೇ ಕಸಿನ್‌ಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜೋಡಿಗಳಿಗೆ ಪರೀಕ್ಷೆಯಲ್ಲಿ ಕಾಣುವಷ್ಟು ಡಿಎನ್‌ಎ ಹೊಂದುತ್ತದೆ. ಒಂದು ತಲೆಮಾರು ಕೆಳಗಿಳಿದು ನಾಲ್ಕನೇ ಕಸಿನ್ ಆದರೆ ಅರ್ಧದಷ್ಟು ಜನಕ್ಕೆ ಏನೂ ಕಾಣುವುದಿಲ್ಲ. ಆದರೆ ಪರೀಕ್ಷೆ ಮನೆಯವರು ಕೇಳದೇ ಇದ್ದ ವಿಷಯವನ್ನೂ ಹೊರಗೆ ಹಾಕಬಹುದು. ಗೊತ್ತಿಲ್ಲದ ಮಲಸಹೋದರರು, ದತ್ತು, ಬೇರೆ ತಂದೆ. 79ರ ವಯಸ್ಸಿನಲ್ಲಿ ಅದನ್ನು ತಿಳಿಯಲು ಅವರಿಗೆ ಇಷ್ಟವಿದೆಯಾ ಎಂದು ಮೊದಲೇ ಕೂತು ಮಾತಾಡಿ. ಬೇಡ ಎಂದರೆ ಬಿಡಿ.

ಹಣ ಕೊಟ್ಟು ಸಂಶೋಧಕರನ್ನು ನೇಮಿಸುವುದು ಇನ್ನೊಂದು ದಾರಿ. ಈಗಲೇ ಬೇಡ. ಇಂಗ್ಲೆಂಡಿನ ಕೆಲಸವನ್ನು ನೀವೇ ಮಾಡಬಲ್ಲಿರಿ. ಪ್ಯಾರಿಷ್ ಗೊತ್ತಾದ ಮೇಲೆ ಸ್ಥಳೀಯವಾಗಿ ಸಹಾಯ ಬೇಕೆನಿಸಿದರೆ ಮೇಯೋದಲ್ಲಿ ಉತ್ತರ ಭಾಗಕ್ಕೊಂದು, ದಕ್ಷಿಣ ಭಾಗಕ್ಕೊಂದು ಕುಟುಂಬ ಇತಿಹಾಸ ಕೇಂದ್ರ ಇದೆ. ಯಾರಿಗೇ ಕೊಟ್ಟರೂ, ಸಿಕ್ಕಿದ್ದಲ್ಲದೆ ಎಲ್ಲೆಲ್ಲಿ ಹುಡುಕಿ ಸಿಗಲಿಲ್ಲ ಎಂಬುದನ್ನೂ ಬರೆದುಕೊಡಬೇಕು ಎಂದು ಮೊದಲೇ ಹೇಳಿ.

ಪಾಸ್‌ಪೋರ್ಟ್ ವಿಷಯದಲ್ಲಿ ನಿರಾಸೆಯ ಉತ್ತರ ಕೊಡಬೇಕಾಗಿದೆ. ಐರ್ಲೆಂಡ್ ದ್ವೀಪದಲ್ಲಿ ಅಜ್ಜ ಅಥವಾ ಅಜ್ಜಿ ಹುಟ್ಟಿದ್ದರೆ ಮೊಮ್ಮಕ್ಕಳು ವಿದೇಶಿ ಜನನ ರಿಜಿಸ್ಟರಿನಲ್ಲಿ ಹೆಸರು ಬರೆಸಿ ಪೌರತ್ವ ಪಡೆಯಬಹುದು. ಪ್ಯಾಟ್ರಿಕ್ ನಿಮ್ಮ ಮಾವನಿಗೇ ಮುತ್ತಜ್ಜ. ಅವನಿಂದ ನಿಮ್ಮ ಮಗಳಿಗೆ ಹಕ್ಕು ಬರುವುದಿಲ್ಲ. ಗಂಡನ ತಾಯಿಯ ಕಡೆ ಐರ್ಲೆಂಡಿನಲ್ಲಿ ಹುಟ್ಟಿದ ಅಜ್ಜ ಅಜ್ಜಿ ಯಾರಾದರೂ ಇದ್ದರೆ ಮಾತು ಬೇರೆ, ಆಗ ನಿಮ್ಮ ಗಂಡ ಅರ್ಜಿ ಹಾಕಬಹುದು. ಆದರೆ ಮಕ್ಕಳಿಗೆ ಅದು ದಾಟಬೇಕಾದರೆ ಸಾಮಾನ್ಯವಾಗಿ ಮಗು ಹುಟ್ಟುವ ಮೊದಲೇ ತಂದೆ ಅಥವಾ ತಾಯಿ ನೋಂದಣಿ ಮಾಡಿಸಿರಬೇಕು. ಈ ಆಸೆ ತೋರಿಸಿ ಹಣ ಕೇಳುವವರು ಬಂದರೆ ದೂರ ಇಡಿ.

ಈ ವಾರ ಮಾಡುವುದಕ್ಕೆ ಎರಡೇ ಕೆಲಸ. ಒಂದು, ಮಾವನ ಪಕ್ಕದಲ್ಲಿ ಕೂತು ಫೋನಿನ ರೆಕಾರ್ಡರ್ ಹಾಕಿ ಮಾತಾಡಿಸಿ. ಊರಿನ ಹೆಸರು ಕೇಳಬೇಡಿ, ಗೊತ್ತಿದ್ದರೆ ಇಷ್ಟೊತ್ತಿಗೆ ಹೇಳಿರುತ್ತಿದ್ದರು. ಅಜ್ಜಿಯ ಬಾಯಲ್ಲಿ ಬರುತ್ತಿದ್ದ ನೆಂಟರ ಹೆಸರು, ಅಮೆರಿಕದಿಂದ ಬರುತ್ತಿದ್ದ ಕಾಗದ, ಯಾವ ಚರ್ಚು, ಯಾವ ಸ್ಮಶಾನ, ಸತ್ತವರ ನೆನಪಿಗೆ ಹಂಚುತ್ತಿದ್ದ ಪುಟ್ಟ ಪ್ರಾರ್ಥನೆಯ ಕಾರ್ಡುಗಳು ಎಲ್ಲಿವೆ, ಇದನ್ನೆಲ್ಲ ಕೇಳಿ. ಎರಡು, 1853ರ ಮದುವೆಯ ಚರ್ಚಿನ ಪುಟ. ಅದರ ಚಿತ್ರ ಸಿಕ್ಕಿದ ತಕ್ಷಣ ನನಗೆ ಕಳಿಸಿ. ಲ್ಯಾಟಿನ್ ಓದಿ, ಅಮ್ಮನ ತವರಿನ ಹೆಸರು ಮೇಯೋದ ಯಾವ ಭಾಗದಲ್ಲಿ ಜಾಸ್ತಿ ಕಾಣುತ್ತದೆ ಎಂದು ಗ್ರಿಫಿತ್ಸ್ ಪಟ್ಟಿಯಲ್ಲಿ ಇಬ್ಬರೂ ಸೇರಿ ನೋಡೋಣ.